ಸ್ತನಾರ್ಬುದ ಚಿಕಿತ್ಸೆಯ ರಾಷ್ಟ್ರೀಯ ಪರಿಶೋಧನೆ: ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳ ವೃದ್ಧ ಸ್ತ್ರೀಯರ ವಿಷಯ

೧

'ಆಡಿಟ್' ಎಂಬ ಇಂಗ್ಲಿಷ್ ಶಬ್ದವು 'ಕೇಳುವುದು' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಪೂರ್ವಕಾಲದಲ್ಲಿ ಆ ದೇಶಗಳಲ್ಲಿ ಲೆಕ್ಕವನ್ನು ಬರೆದವನು ಅದನ್ನು ಅಧಿಕಾರಿಯ ಮುಂದೆ ಗಟ್ಟಿಯಾಗಿ ಓದುತ್ತಿದ್ದನು. ಅಧಿಕಾರಿಯು ಕುಳಿತು ಕೇಳಿ, ಸರಿಯಾದುದನ್ನು ಒಪ್ಪಿ, ಸರಿಯಲ್ಲದುದಕ್ಕೆ ಸಮಾಧಾನವನ್ನು ಬೇಡುತ್ತಿದ್ದನು. ಕನ್ನಡದಲ್ಲಿ ರೂಢಿಯಾಗಿರುವ 'ಪರಿಶೋಧನೆ' ಎಂಬ ಶಬ್ದವು ಅದೇ ಕಾರ್ಯವನ್ನು ಬೇರೊಂದು ಮುಖದಿಂದ ಸೂಚಿಸುತ್ತದೆ. ಶೋಧಿಸುವುದೆಂದರೆ ಹುಡುಕುವುದೂ ಹೌದು, ಸೋಸಿ ಶುದ್ಧಮಾಡುವುದೂ ಹೌದು. ಕೇಳುವುದು, ಹುಡುಕುವುದು, ತಿದ್ದುವುದು ಎಂಬ ಈ ಮೂರೂ ಸೇರಿದಾಗಲೇ ಲೆಕ್ಕದ ಪರಿಶೋಧನೆಯು ಪೂರ್ಣವಾಗುತ್ತದೆ. ಹಣದ ಲೆಕ್ಕಕ್ಕೆ ಸಲ್ಲುವ ಈ ವಿಧಾನವು ವೈದ್ಯರ ಕಾರ್ಯಕ್ಕೂ ಸಲ್ಲಬೇಕೆಂಬ ಭಾವನೆಯು ಬಲಗೊಂಡುದು ಈಚಿನ ನೂರು ವರ್ಷಗಳಲ್ಲಿಯೇ ಎಂದು ಹೇಳಬಹುದು.

ಚಿಕಿತ್ಸೆಯ ಪರಿಶೋಧನೆಗೆ ಮೂರು ಅಂಗಗಳುಂಟು. ಮೊದಲನೆಯದು ಪ್ರಮಾಣ: ಇಂಥ ರೋಗಿಗೆ ಇಂಥ ಚಿಕಿತ್ಸೆಯು ದೊರೆಯಬೇಕೆಂದು ತಜ್ಞರು ಒಪ್ಪಿ ಬರೆದಿಟ್ಟ ನಿಯಮ. ಎರಡನೆಯದು ಅಳತೆ: ಆ ನಿಯಮವು ಯಾವ ಆಸ್ಪತ್ರೆಯಲ್ಲಿ ಎಷ್ಟರಮಟ್ಟಿಗೆ ನಡೆಯಿತೆಂಬ ಎಣಿಕೆ. ಮೂರನೆಯದು ಪ್ರತ್ಯರ್ಪಣ: ಎಣಿಕೆಯ ಫಲವನ್ನು ಆ ಆಸ್ಪತ್ರೆಗೇ ಹಿಂದಿರುಗಿಸಿ, ವ್ಯತ್ಯಾಸಕ್ಕೆ ಕಾರಣವನ್ನು ಕೇಳಿ, ತಿದ್ದಿಕೊಂಡ ಬಳಿಕ ಮತ್ತೆ ಅಳೆಯುವುದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಪರಿಶೋಧನೆಯೆನ್ನಿಸಿಕೊಳ್ಳಲಾರದು.

ಇದನ್ನು ಇದರ ಎರಡು ನೆರೆಯ ಕಾರ್ಯಗಳಿಂದ ಬೇರ್ಪಡಿಸಿ ನೋಡುವುದು ಅವಶ್ಯಕ. ಸಂಶೋಧನೆಯು 'ಯಾವ ಚಿಕಿತ್ಸೆ ಮೇಲಾದುದು' ಎಂದು ಕೇಳುತ್ತದೆ. ರೋಗದ ನೋಂದಣಿಯು 'ಎಷ್ಟು ಜನಕ್ಕೆ ಈ ರೋಗ ಬಂದಿತು' ಎಂದು ಕೇಳುತ್ತದೆ. ಪರಿಶೋಧನೆಯಾದರೋ 'ಮೇಲಾದುದೆಂದು ಈಗಾಗಲೇ ತಿಳಿದಿರುವ ಚಿಕಿತ್ಸೆಯು ಅದಕ್ಕೆ ಅರ್ಹಳಾದ ರೋಗಿಗೆ ದೊರೆಯಿತೇ, ದೊರೆಯದಿದ್ದರೆ ಏಕೆ' ಎಂದು ಕೇಳುತ್ತದೆ. ಮೊದಲಿನ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮಾತ್ರಕ್ಕೆ ಮೂರನೆಯದಕ್ಕೆ ಉತ್ತರ ದೊರೆತಂತಾಗುವುದಿಲ್ಲ.

ಪ್ರಪಂಚದಲ್ಲಿ ೨೦೨೨ನೆಯ ಒಂದೇ ವರ್ಷದಲ್ಲಿ ಸುಮಾರು ೨೩ ಲಕ್ಷ ಸ್ತ್ರೀಯರಲ್ಲಿ ಸ್ತನಾರ್ಬುದವು ಹೊಸದಾಗಿ ಕಂಡುಬಂದಿತು. ಸುಮಾರು ೬ ಲಕ್ಷ ೭೦ ಸಾವಿರ ಮಂದಿ ಅದರಿಂದ ಮೃತರಾದರು. ಇಷ್ಟು ವ್ಯಾಪಕವಾದ ರೋಗದಲ್ಲಿ ಮೇಲೆ ಹೇಳಿದ ಮೂರನೆಯ ಪ್ರಶ್ನೆಯನ್ನು ಇಡೀ ದೇಶಕ್ಕೆ ಅನ್ವಯಿಸಿ ಕೇಳಿದರೆ ಏನು ಗೊತ್ತಾಗುತ್ತದೆಂಬುದಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳಲ್ಲಿ ೨೦೧೬ರಿಂದ ೨೦೨೨ರವರೆಗೆ ನಡೆದ ವೃದ್ಧ ಸ್ತ್ರೀಯರ ಸ್ತನಾರ್ಬುದದ ರಾಷ್ಟ್ರೀಯ ಪರಿಶೋಧನೆಯು ಉತ್ತಮ ನಿದರ್ಶನವಾಗಿದೆ. ಅದರ ಹಿನ್ನೆಲೆ, ವಿಧಾನ, ಫಲ, ಮಿತಿ ಇವುಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೨

ಇಂಗ್ಲಿಷ್ ಸಾಹಿತ್ಯದ ಅಭ್ಯಾಸಿಗಳಿಗೆ 'ಈವ್ಲಿನಾ' ಕಾದಂಬರಿಯನ್ನು ಬರೆದ ಫ್ಯಾನಿ ಬರ್ನಿಯ ಹೆಸರು ಪರಿಚಿತವಾದುದು. ಈಕೆಗೆ ೧೮೧೧ನೆಯ ಸೆಪ್ಟೆಂಬರ್ ೩೦ರಂದು ಪ್ಯಾರಿಸಿನಲ್ಲಿ, ಆಕೆಯ ೫೯ನೆಯ ವಯಸ್ಸಿನಲ್ಲಿ, ಸ್ತನಚ್ಛೇದನವಾಯಿತು. ಶಸ್ತ್ರವೈದ್ಯರು ನೆಪೋಲಿಯನ್ನನ ಸೈನ್ಯದಲ್ಲಿ ಹೆಸರು ಪಡೆದಿದ್ದ ಲಾರೇ ಎಂಬವರು. ಈಥರಿನಿಂದ ಪ್ರಜ್ಞೆ ತಪ್ಪಿಸುವ ಕ್ರಮವು ಬಳಕೆಗೆ ಬಂದುದು ೧೮೪೬ರಲ್ಲಿಯಾದುದರಿಂದ ಆಕೆಯು ಆ ವೇದನೆಯನ್ನೆಲ್ಲ ಎಚ್ಚರದಲ್ಲಿಯೇ ಅನುಭವಿಸಬೇಕಾಯಿತು. ಅನಂತರ ಹಲವು ತಿಂಗಳುಗಳಲ್ಲಿ ಸ್ವಲ್ಪಸ್ವಲ್ಪವಾಗಿ ತನ್ನ ಸಹೋದರಿ ಎಸ್ತರಳಿಗೆ ಬರೆದ ಕಾಗದವು ರೋಗಿಯೇ ಬರೆದ ಶಸ್ತ್ರಚಿಕಿತ್ಸೆಯ ವೃತ್ತಾಂತಗಳಲ್ಲಿ ಪ್ರಸಿದ್ಧವಾದುದು. ಆಕೆಯು ಆಮೇಲೆ ೨೮ ವರ್ಷಗಳಿಗೂ ಮಿಗಿಲಾಗಿ ಬದುಕಿದ್ದು ೧೮೪೦ರಲ್ಲಿ ತೀರಿಕೊಂಡಳು.

ಈ ವೃತ್ತಾಂತವು ಮನಸ್ಸನ್ನು ಕಲಕುವಷ್ಟು ಸತ್ಯವಾದುದು; ಆದರೂ ಚಿಕಿತ್ಸೆಯ ಗುಣವನ್ನು ಕುರಿತು ಇದರಿಂದ ಯಾವ ನಿರ್ಣಯಕ್ಕೂ ಬರಲಾಗುವುದಿಲ್ಲ. ತೆಗೆದ ಗಂತಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪದ್ಧತಿಯು ಆಗ ಇರಲಿಲ್ಲವಾದಕಾರಣ ಅದು ನಿಜವಾಗಿ ಅರ್ಬುದವೇ ಆಗಿದ್ದಿತೇ ಎಂಬುದು ಕೂಡ ಸಂದಿಗ್ಧ. ಅರ್ಬುದವೇ ಆಗಿದ್ದರೂ, ಅದೇ ಕಾಲದಲ್ಲಿ ಅದೇ ರೀತಿಯ ಚಿಕಿತ್ಸೆಯನ್ನು ಪಡೆದು ಕಾಗದ ಬರೆಯಲು ಉಳಿಯದೆ ಹೋದವರೆಷ್ಟು ಮಂದಿ ಎಂಬುದು ತಿಳಿಯದು. ಬದುಕಿದವಳ ಸಾಕ್ಷ್ಯವು ಉಳಿಯುತ್ತದೆ. ಸತ್ತವಳ ಸಾಕ್ಷ್ಯವನ್ನು ಯಾರಾದರೂ ಹುಡುಕಿ ಬರೆದಿಡಬೇಕಾಗುತ್ತದೆ.

ಹೀಗೆ ಬರೆದಿಡುವ ಕಾರ್ಯವು ನಿಧಾನವಾಗಿ ಬೆಳೆಯಿತು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಎಂಬವರು ೧೮೯೪ರಲ್ಲಿ ತಮ್ಮ ೫೦ ರೋಗಿಗಳ ಫಲವನ್ನು ಪ್ರಕಟಿಸಿದರು. ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ಅವರ ಘೋರಚಿಕಿತ್ಸೆಯು ಮುಕ್ಕಾಲು ಶತಮಾನದ ಕಾಲ ಪ್ರಪಂಚವೆಲ್ಲ ನಡೆಯಿತು. ಅದಕ್ಕಿಂತ ಕಿರಿದಾದ ಚಿಕಿತ್ಸೆಯಿಂದಲೂ ಆಯುಸ್ಸು ಅಷ್ಟೇ ಉಳಿಯುವುದೆಂಬುದು, ಬರ್ನಾರ್ಡ್ ಫಿಷರ್ ಮತ್ತು ಅವರ ಸಂಗಡಿಗರು ೧೯೭೧ರಲ್ಲಿ ಆರಂಭಿಸಿ ೨೦೦೨ರಲ್ಲಿ ೨೫ ವರ್ಷಗಳ ಫಲವನ್ನು ಪ್ರಕಟಿಸಿದ ಹೋಲಿಕೆಯ ಪ್ರಯೋಗದಿಂದ ಸ್ಥಿರಪಟ್ಟಿತು. ಗುರುವಿನ ಪ್ರತಿಷ್ಠೆಯು ಎಣಿಕೆಯ ಸ್ಥಾನವನ್ನು ಆಕ್ರಮಿಸಿದರೆ ಎಷ್ಟು ಕಾಲ ಆಕ್ರಮಿಸಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಎಂಬವರು ಪ್ರತಿಯೊಬ್ಬ ರೋಗಿಯನ್ನೂ ಚಿಕಿತ್ಸೆಯ ಅನಂತರ ಹಿಂಬಾಲಿಸಿ 'ಅಂತ್ಯಫಲ'ವನ್ನು ತಿಳಿಯಬೇಕು, ಫಲವು ಕೆಟ್ಟುದಾದರೆ ಕಾರಣವನ್ನು ಬರೆದಿಡಬೇಕು ಎಂದು ವಾದಿಸಿದರು. ತಮ್ಮ ಸ್ವಂತದ ಚಿಕ್ಕ ಆಸ್ಪತ್ರೆಯಿಂದ ೧೯೧೧ರಿಂದ ೧೯೧೬ರವರೆಗೆ ಹೊರಹೋದ ೩೩೭ ರೋಗಿಗಳ ಲೆಕ್ಕವನ್ನು ಅವರು ಬಹಿರಂಗಪಡಿಸಿ, ಅದರಲ್ಲಿ ೧೨೩ ತಪ್ಪುಗಳು ನಡೆದಿವೆಯೆಂದು ತಾವೇ ಒಪ್ಪಿಕೊಂಡರು. ಸಹೋದ್ಯೋಗಿಗಳು ಅವರನ್ನು ಬಹುಕಾಲ ದೂರವಿಟ್ಟರು. ಇಂಗ್ಲೆಂಡಿನಲ್ಲಿ ಜಾನೆಟ್ ಲೇನ್-ಕ್ಲೇಪನ್ ಎಂಬ ವೈದ್ಯೆಯು ಆರೋಗ್ಯ ಮಂತ್ರಿಶಾಖೆಗಾಗಿ ೧೯೨೬ರಲ್ಲಿ ಸ್ತನಾರ್ಬುದವುಳ್ಳ ಸುಮಾರು ೫೦೦ ಸ್ತ್ರೀಯರನ್ನು ಆ ರೋಗವಿಲ್ಲದ ಅಷ್ಟೇ ಮಂದಿಯೊಡನೆ ಹೋಲಿಸಿ ವರದಿಯನ್ನು ಬರೆದರು. ೧೯೨೮ರ ಮತ್ತೊಂದು ವರದಿಯಲ್ಲಿ ಶಸ್ತ್ರಚಿಕಿತ್ಸೆಯಾದವರು ವರ್ಷಗಳ ಮೇಲೆ ಏನಾದರೆಂಬುದನ್ನು ವಿಚಾರಿಸಿದರು. ರೋಗವು ಎಳೆಯದಾಗಿರುವಾಗ ಚಿಕಿತ್ಸೆ ಪಡೆದವರ ಬಾಳು ದೀರ್ಘವಾದುದೆಂದು ಆ ಎಣಿಕೆಯಿಂದ ಗೊತ್ತಾಯಿತು.

೩

ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ೧೯೪೮ರಲ್ಲಿ ಸ್ಥಾಪಿತವಾಯಿತು. ಹಣವಿರಲಿ ಇಲ್ಲದಿರಲಿ ಎಲ್ಲರಿಗೂ ಸಮಾನವಾದ ಚಿಕಿತ್ಸೆಯು ದೊರೆಯಬೇಕೆಂಬುದು ಅದರ ಮೂಲತತ್ತ್ವ. ಆದರೆ ಬಾಗಿಲು ಎಲ್ಲರಿಗೂ ತೆರೆದ ಮಾತ್ರಕ್ಕೆ ಒಳಗೆ ಎಲ್ಲರಿಗೂ ಒಂದೇ ಬಗೆಯ ಚಿಕಿತ್ಸೆಯು ದೊರೆಯುವುದೆಂಬ ನಂಬಿಕೆಗೆ ೧೯೯೦ರ ದಶಕದಲ್ಲಿ ಪೆಟ್ಟು ಬಿದ್ದಿತು. ಯಾರ್ಕ್‌ಷೈರ್ ಪ್ರಾಂತದಲ್ಲಿ ೧೯೭೯ರಿಂದ ೧೯೮೮ರವರೆಗೆ ಚಿಕಿತ್ಸೆ ಪಡೆದವರ ದಾಖಲೆಗಳನ್ನು ನೋಡಿ ೧೯೯೫ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ, ವರ್ಷಕ್ಕೆ ೩೦ಕ್ಕಿಂತ ಹೆಚ್ಚು ಹೊಸ ರೋಗಿಗಳನ್ನು ನೋಡುವ ಶಸ್ತ್ರವೈದ್ಯರ ಕೈಯಲ್ಲಿ ರೋಗಿಗಳು ಹೆಚ್ಚು ಕಾಲ ಬದುಕಿದರೆಂದು ತಿಳಿದುಬಂದಿತು. ಪಶ್ಚಿಮ ಸ್ಕಾಟ್‌ಲೆಂಡಿನ ದಾಖಲೆಗಳಿಂದ ೧೯೯೬ರಲ್ಲಿ ಹೊರಬಂದ ಇನ್ನೊಂದು ಅಧ್ಯಯನವು, ಈ ರೋಗದಲ್ಲಿಯೇ ವಿಶೇಷ ಪರಿಶ್ರಮವುಳ್ಳ ಶಸ್ತ್ರವೈದ್ಯರ ರೋಗಿಗಳಲ್ಲಿ ೫ ವರ್ಷ ಉಳಿದವರ ಪ್ರಮಾಣವು ಉಳಿದವರಿಗಿಂತ ನೂರಕ್ಕೆ ೯ರಷ್ಟು ಹೆಚ್ಚೆಂದು ತೋರಿಸಿತು.

ಇದೇ ೧೯೯೫ರಲ್ಲಿ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕೆನೆತ್ ಕಾಲ್ಮನ್, ವೇಲ್ಸಿನ ಮುಖ್ಯ ವೈದ್ಯಾಧಿಕಾರಿ ಡೀರ್ಡ್ರೆ ಹೈನ್ ಇವರಿಬ್ಬರ ಹೆಸರಿನ ವರದಿಯು ಹೊರಬಿದ್ದಿತು. ರೋಗಿಯು ಎಲ್ಲಿಯೇ ವಾಸಿಸುತ್ತಿರಲಿ, ಅವರಿಗೆ ಏಕರೀತಿಯಾದ ಉತ್ತಮ ಚಿಕಿತ್ಸೆಯು ದೊರೆಯಬೇಕು; ಶಸ್ತ್ರವೈದ್ಯ, ಕಿರಣಚಿಕಿತ್ಸಕ, ಔಷಧ ತಜ್ಞ, ದಾದಿ ಮೊದಲಾದವರು ಒಟ್ಟಿಗೆ ಕುಳಿತು ಪ್ರತಿಯೊಬ್ಬ ರೋಗಿಯ ವಿಷಯವನ್ನೂ ನಿರ್ಧರಿಸಬೇಕು ಎಂಬುದು ಅದರ ಸಾರ. ಮುಂದೆ ೨೦೦೮ರ ಜನವರಿಯಿಂದ ೨೦೦೯ರ ಮಾರ್ಚಿಯವರೆಗೆ ಸ್ತನಚ್ಛೇದನವಾದವರನ್ನು ಕುರಿತು ಒಂದು ರಾಷ್ಟ್ರೀಯ ಪರಿಶೋಧನೆಯು ನಡೆಯಿತು. ಇಂಗ್ಲೆಂಡಿನಲ್ಲಿ ಅವರಲ್ಲಿ ಸುಮಾರು ಐವರಿಗೊಬ್ಬಳಿಗೆ ಅದೇ ವೇಳೆಯಲ್ಲಿ ಸ್ತನದ ಪುನಾರಚನೆಯೂ ಆಯಿತೆಂದೂ, ಈ ಪ್ರಮಾಣವು ಪ್ರಾಂತದಿಂದ ಪ್ರಾಂತಕ್ಕೆ ಬಹಳವಾಗಿ ಭಿನ್ನವಾಗಿದ್ದಿತೆಂದೂ ಅದರಿಂದ ತಿಳಿಯಿತು. ವ್ಯತ್ಯಾಸವಿದೆಯೆಂಬುದು ಹೀಗೆ ಸಿದ್ಧವಾಯಿತು. ಆ ವ್ಯತ್ಯಾಸವು ಯಾರಿಗೆ ಹೆಚ್ಚು ಹಾನಿಯನ್ನುಂಟುಮಾಡುತ್ತದೆಂಬ ಪ್ರಶ್ನೆಯು ಉಳಿಯಿತು.

೪

ಬ್ರಿಟನ್ನಿನಲ್ಲಿ ಸ್ತನಾರ್ಬುದವುಳ್ಳ ಸ್ತ್ರೀಯರಲ್ಲಿ ಸುಮಾರು ಮೂರನೆಯ ಒಂದು ಪಾಲು ೭೦ ವರ್ಷ ದಾಟಿದವರು. ರೋಗವನ್ನು ಮುಂಚಿತವಾಗಿ ಕಂಡುಹಿಡಿಯುವುದಕ್ಕಾಗಿ ೧೯೮೮ರಿಂದ ನಡೆಯುತ್ತಿರುವ ಕ್ಷಕಿರಣ ತಪಾಸಣೆಗೆ ೫೦ ವರ್ಷ ತುಂಬಿದವರನ್ನು ಕರೆಯುತ್ತಾರೆ. ೭೧ ತುಂಬಿದ ಮೇಲೆ ಕರೆಯೋಲೆಯು ತಾನಾಗಿ ಬರುವುದಿಲ್ಲ, ಬೇಕಾದವರು ಕೇಳಿ ಪಡೆಯಬೇಕು. ಆದುದರಿಂದ ವೃದ್ಧೆಯರಲ್ಲಿ ರೋಗವು ಬಹುಮಟ್ಟಿಗೆ ಗಂತಿಯು ಕೈಗೆ ಸಿಕ್ಕಿದ ಮೇಲೆಯೇ ಪತ್ತೆಯಾಗುತ್ತದೆ.

ವೃದ್ಧೆಯರ ಗಂತಿಗಳಲ್ಲಿ ಹೆಚ್ಚಿನವು ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಆಸರೆಯಿಂದ ಬೆಳೆಯುವಂಥವು. ಆ ಹಾರ್ಮೋನಿನ ಪ್ರಭಾವವನ್ನು ತಡೆಯುವ ಟಮಾಕ್ಸಿಫೆನ್ ಎಂಬ ಔಷಧವು ೧೯೭೦ರ ದಶಕದಲ್ಲಿ ಬಳಕೆಗೆ ಬಂದಿತು. ದಿನಕ್ಕೊಂದು ಗುಳಿಗೆಯಿಂದ ಗಂತಿಯು ಕುಗ್ಗುವುದನ್ನು ಕಂಡ ವೈದ್ಯರು, ವಯಸ್ಸಾದವರಿಗೆ ಶಸ್ತ್ರದ ಶ್ರಮವೇಕೆ, ಗುಳಿಗೆಯೇ ಸಾಕು ಎಂದು ಭಾವಿಸಿದರು. ಈ ಭಾವನೆಯಲ್ಲಿ ಕರುಣೆಯಿಲ್ಲದೆ ಇರಲಿಲ್ಲ. ಆದರೆ ಗುಳಿಗೆಯಿಂದ ಕುಗ್ಗಿದ ಗಂತಿಯು ಅನೇಕರಲ್ಲಿ ಕೆಲವು ವರ್ಷಗಳ ಮೇಲೆ ಔಷಧಕ್ಕೆ ಬಗ್ಗದೆ ಮತ್ತೆ ಬೆಳೆಯತೊಡಗುತ್ತದೆ. ಆಗ ರೋಗಿಯು ಮೊದಲಿಗಿಂತ ವೃದ್ಧಳೂ ದುರ್ಬಲಳೂ ಆಗಿರುತ್ತಾಳೆ. ಮೊದಲು ಸುಲಭವಾಗಿದ್ದ ಶಸ್ತ್ರಚಿಕಿತ್ಸೆಯು ಆಗ ಕಷ್ಟವಾಗುತ್ತದೆ. ಈ ಎರಡು ಕ್ರಮಗಳನ್ನು ಹೋಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ೨೦೦೬ರಲ್ಲಿ ಪ್ರಕಟವಾದ ಸಮೀಕ್ಷೆಯು, ಒಟ್ಟು ಆಯುಸ್ಸಿನಲ್ಲಿ ಸ್ಪಷ್ಟವಾದ ಭೇದವು ಕಾಣದಿದ್ದರೂ, ರೋಗವು ಇದ್ದಲ್ಲಿಯೇ ಹತೋಟಿಯಲ್ಲಿರುವ ವಿಷಯದಲ್ಲಿ ಶಸ್ತ್ರಚಿಕಿತ್ಸೆಯೇ ಮೇಲೆಂದು ತೋರಿಸಿತು.

ಇದನ್ನೆಲ್ಲ ಪರ್ಯಾಲೋಚಿಸಿ, ಚಿಕಿತ್ಸೆಯ ನಿಯಮಗಳನ್ನು ಗೊತ್ತುಮಾಡುವ ರಾಷ್ಟ್ರೀಯ ಸಂಸ್ಥೆಯು ೨೦೦೯ರಲ್ಲಿ ಒಂದು ಪ್ರಮಾಣವನ್ನು ವಿಧಿಸಿತು. ಆರಂಭದ ಸ್ತನಾರ್ಬುದವುಳ್ಳವರಿಗೆ, ವಯಸ್ಸು ಎಷ್ಟೇ ಆಗಿರಲಿ, ಶಸ್ತ್ರಚಿಕಿತ್ಸೆಯನ್ನೂ ತಕ್ಕ ಔಷಧವನ್ನೂ ಕೊಡಬೇಕು. ಬೇರೆ ತೀವ್ರವಾದ ಕಾಯಿಲೆಯು ಶಸ್ತ್ರಚಿಕಿತ್ಸೆಗೆ ಅಡ್ಡಿಯಾಗಿದ್ದ ಹೊರತು ಹಾರ್ಮೋನಿನ ಔಷಧವೊಂದನ್ನೇ ಕೊಟ್ಟು ಬಿಡಬಾರದು ಎಂಬುದು ಅದರ ತಾತ್ಪರ್ಯ. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ನಿರ್ಣಾಯಕವಾದುದು ದೇಹಸ್ಥಿತಿಯೇ ಹೊರತು ಹುಟ್ಟಿದ ವರ್ಷವಲ್ಲ ಎಂಬುದು. 'ಊರು ಹೋಗೆನ್ನುತ್ತದೆ, ಕಾಡು ಬಾಯೆನ್ನುತ್ತದೆ' ಎಂಬ ಗಾದೆಯು ವಾರ್ಧಕ್ಯವನ್ನು ಕುರಿತು ಲೋಕದ ಎಣಿಕೆಯನ್ನು ಚೆನ್ನಾಗಿ ತಿಳಿಸುತ್ತದೆ. ಆದರೆ ಇಂಗ್ಲೆಂಡಿನಲ್ಲಿ ೭೦ ತುಂಬಿದ ಸ್ತ್ರೀಯು ಸರಾಸರಿಯಲ್ಲಿ ಇನ್ನೂ ೧೫ ವರ್ಷಗಳಿಗಿಂತ ಹೆಚ್ಚು ಕಾಲ ಬಾಳುತ್ತಾಳೆ. ಅಷ್ಟು ಬಾಳಬೇಕಾದವಳಿಗೆ ಕೆಲವೇ ವರ್ಷಗಳ ತಡೆಯನ್ನು ಕೊಟ್ಟು ಕಳುಹಿಸಿದರೆ ಅದು ಕರುಣೆಯ ವೇಷದಲ್ಲಿ ಬಂದ ಅನ್ಯಾಯವಾಗುತ್ತದೆ.

೫

ಪ್ರಮಾಣವು ಕಾಗದದ ಮೇಲೆ ಇದ್ದಿತು, ನಡೆಯುತ್ತಿದ್ದುದೇನು? ಇದನ್ನು ತಿಳಿಯುವುದಕ್ಕಾಗಿ ೨೦೧೬ರಲ್ಲಿ ವೃದ್ಧ ಸ್ತ್ರೀಯರ ಸ್ತನಾರ್ಬುದದ ರಾಷ್ಟ್ರೀಯ ಪರಿಶೋಧನೆಯು ಏರ್ಪಟ್ಟಿತು. ಸ್ತನಚಿಕಿತ್ಸೆಯ ಶಸ್ತ್ರವೈದ್ಯರ ಸಂಘವೂ, ಇಂಗ್ಲೆಂಡಿನ ರಾಜಕೀಯ ಶಸ್ತ್ರವೈದ್ಯ ವಿದ್ಯಾಪೀಠದ ಚಿಕಿತ್ಸಾಫಲ ಪರೀಕ್ಷಕ ಶಾಖೆಯೂ ಸೇರಿ ಅದನ್ನು ನಡೆಯಿಸಿದವು. ೨೦೧೪ರ ಜನವರಿಯಿಂದ ಈಚೆಗೆ ರೋಗವು ಕಂಡುಬಂದ, ೫೦ ವರ್ಷಕ್ಕೆ ಮೇಲ್ಪಟ್ಟ ಸ್ತ್ರೀಯರೆಲ್ಲರೂ ಅದರ ವ್ಯಾಪ್ತಿಗೆ ಸೇರಿದರು. ೫೦ರಿಂದ ೬೯ರವರೆಗಿನವರನ್ನು ಒಂದು ಕಡೆಯೂ ೭೦ ದಾಟಿದವರನ್ನು ಇನ್ನೊಂದು ಕಡೆಯೂ ಇಟ್ಟು ಹೋಲಿಸುವುದು ಅದರ ಮುಖ್ಯ ಕ್ರಮ.

ಅದರ ವಿಧಾನದಲ್ಲಿ ಒಂದು ವಿಶೇಷವುಂಟು. ವೈದ್ಯರಿಂದ ಹೊಸದಾಗಿ ಪಟ್ಟಿಗಳನ್ನು ಬರೆಯಿಸದೆ, ಬೇರೆಬೇರೆ ಕಾರಣಗಳಿಗಾಗಿ ಆಗಲೇ ಬರೆದಿಟ್ಟಿದ್ದ ದಾಖಲೆಗಳನ್ನೇ ಒಂದಕ್ಕೊಂದು ಹೆಣೆದರು. ಅರ್ಬುದ ನೋಂದಣಿಯಿಂದ ರೋಗದ ಬಗೆಯೂ ಅವಸ್ಥೆಯೂ, ಆಸ್ಪತ್ರೆಯ ದಾಖಲಾತಿಯಿಂದ ಶಸ್ತ್ರಚಿಕಿತ್ಸೆಯೂ ಇತರ ಕಾಯಿಲೆಗಳೂ, ಕಿರಣಚಿಕಿತ್ಸೆಯ ಮತ್ತು ರಾಸಾಯನಿಕ ಔಷಧಗಳ ಪುಸ್ತಕಗಳಿಂದ ಆಯಾ ಚಿಕಿತ್ಸೆಗಳೂ, ಮರಣದ ದಾಖಲೆಯಿಂದ ಅಂತ್ಯವೂ ದೊರೆತುವು. ಫಲಗಳನ್ನು ೨೦೧೭ರಿಂದ ೨೦೨೨ರವರೆಗೆ ವರ್ಷವರ್ಷವೂ ಸಾರ್ವಜನಿಕವಾಗಿ ಪ್ರಕಟಿಸಿದರು.

ಕಂಡುಬಂದ ಸಂಗತಿಯು ಹೀಗಿತ್ತು. ಆರಂಭದ ಸ್ತನಾರ್ಬುದವುಳ್ಳ ೫೦ರಿಂದ ೬೯ರವರೆಗಿನ ಸ್ತ್ರೀಯರಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಶಸ್ತ್ರಚಿಕಿತ್ಸೆಯಾಗಿದ್ದಿತು. ೭೦ ದಾಟಿದ ಮೇಲೆ ಈ ಪ್ರಮಾಣವು ವಯಸ್ಸಿನೊಡನೆ ಇಳಿಯುತ್ತ ಹೋಗಿ, ೮೦ರ ಮೇಲ್ಪಟ್ಟವರಲ್ಲಿ ಬಹಳ ಕಡಮೆಯಾಗಿದ್ದಿತು. ಹಾರ್ಮೋನಿನ ಔಷಧಕ್ಕೆ ಬಗ್ಗುವ ಗಂತಿಯುಳ್ಳವರಲ್ಲಿ ಈ ಇಳಿತವು ಹೆಚ್ಚು. ಬಗ್ಗದ ಗಂತಿಯುಳ್ಳವರಲ್ಲಿ, ಬೇರೆ ದಾರಿಯಿಲ್ಲದುದರಿಂದ, ಕಡಮೆ. ಗಂತಿಯನ್ನು ಮಾತ್ರ ತೆಗೆದ ಬಳಿಕ ಕೊಡುವ ಕಿರಣಚಿಕಿತ್ಸೆಯೂ, ಅಪಾಯದ ಗಂತಿಗಳಿಗೆ ಕೊಡುವ ರಾಸಾಯನಿಕ ಚಿಕಿತ್ಸೆಯೂ ವೃದ್ಧೆಯರಿಗೆ ಕಡಮೆಯಾಗಿಯೇ ದೊರೆತಿದ್ದುವು. ಇದಲ್ಲದೆ, ಒಂದೇ ವಯಸ್ಸಿನ ಸ್ತ್ರೀಯರಿಗೆ ಒಂದು ಆಸ್ಪತ್ರೆಯಲ್ಲಿ ದೊರೆಯುತ್ತಿದ್ದುದಕ್ಕೂ ಇನ್ನೊಂದರಲ್ಲಿ ದೊರೆಯುತ್ತಿದ್ದುದಕ್ಕೂ ಬಹಳ ಅಂತರವಿದ್ದಿತು.

ಇಲ್ಲಿ ಅವಸರದ ತೀರ್ಪು ಸಲ್ಲದು. ಪ್ರಾಚೀನ ಗ್ರಂಥಗಳ ಪರಿಷ್ಕರಣದಲ್ಲಿ ತೊಡಗಿದವರಿಗೆ ಈ ಸ್ಥಿತಿಯು ಅಪರಿಚಿತವಲ್ಲ. ಹಲವು ಓಲೆಯ ಪ್ರತಿಗಳಲ್ಲಿ ಪಾಠಾಂತರಗಳು ಕಂಡಾಗ, ಭೇದವಿದ್ದ ಮಾತ್ರಕ್ಕೆ ಲಿಪಿಕಾರನು ತಪ್ಪಿದನೆಂದು ಹೇಳಲಾಗದು; ಭೇದಕ್ಕೆ ಮೂಲಪ್ರತಿಯ ಭೇದವೇ ಕಾರಣವಾಗಿರಬಹುದು, ಪ್ರಾಂತದ ರೂಢಿಯು ಕಾರಣವಾಗಿರಬಹುದು, ಲಿಪಿಕಾರನ ಅಲಕ್ಷ್ಯವೂ ಕಾರಣವಾಗಿರಬಹುದು. ಹಾಗೆಯೇ ಇಲ್ಲಿಯೂ ವೃದ್ಧೆಯರು ಸ್ವಭಾವತಃ ಹೆಚ್ಚು ಕಾಯಿಲೆಗಳುಳ್ಳವರು; ಆದಕಾರಣ ಅವರಿಗೆ ಶಸ್ತ್ರಚಿಕಿತ್ಸೆಯು ಕಡಮೆಯಾದುದು ವೈದ್ಯರ ವಿವೇಕದ ಗುರುತೇ ಆಗಿರಬಹುದು. ಈ ಆಕ್ಷೇಪಕ್ಕೆ ಉತ್ತರವನ್ನು ಹುಡುಕದೆ ಪರಿಶೋಧನೆಯು ಮುಂದೆ ಹೋಗುವಂತಿರಲಿಲ್ಲ.

ಅದಕ್ಕಾಗಿ ಪರಿಶೋಧಕರು ಆಸ್ಪತ್ರೆಯ ಹಳೆಯ ದಾಖಲೆಗಳಿಂದಲೇ ದೇಹದೌರ್ಬಲ್ಯವನ್ನು ಅಳೆಯುವ ಒಂದು ಮಾಪಕವನ್ನು ರಚಿಸಿ ೨೦೨೦ರಲ್ಲಿ ಪ್ರಕಟಿಸಿದರು. ಬೀಳುವಿಕೆ, ನಡಗೆಯ ತೊಂದರೆ, ಬುದ್ಧಿಮಾಂದ್ಯ, ಹೃದ್ರೋಗ ಇವೇ ಮೊದಲಾದ ೩೨ ಬಗೆಯ ಕೊರತೆಗಳಲ್ಲಿ ಎಷ್ಟು ಕಂಡುಬಂದಿವೆಯೆಂಬುದರ ಮೇಲೆ ರೋಗಿಗಳನ್ನು ದೃಢರು, ಸ್ವಲ್ಪ ದುರ್ಬಲರು, ಮಧ್ಯಮ ದುರ್ಬಲರು, ತೀವ್ರ ದುರ್ಬಲರು ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಅನಂತರ ದೃಢರನ್ನು ದೃಢರೊಡನೆಯೂ ದುರ್ಬಲರನ್ನು ದುರ್ಬಲರೊಡನೆಯೂ ಹೋಲಿಸಿದರು. ದೌರ್ಬಲ್ಯವು ಹೆಚ್ಚಿದಂತೆ ಶಸ್ತ್ರಚಿಕಿತ್ಸೆಯು ಕಡಮೆಯಾದುದು ನಿರೀಕ್ಷಿತವೇ. ಆದರೆ ಬೇರೆ ಯಾವ ಕಾಯಿಲೆಯೂ ದಾಖಲಾಗದ ದೃಢರಾದ ಸ್ತ್ರೀಯರಲ್ಲಿಯೂ ವಯಸ್ಸು ಏರಿದಂತೆ ಶಸ್ತ್ರಚಿಕಿತ್ಸೆಯು ಇಳಿದೇ ಇದ್ದಿತು. ಎಂದರೆ, ದೇಹಸ್ಥಿತಿಯು ನಿರ್ಣಯಿಸಬೇಕಾಗಿದ್ದ ಕಡೆಯಲ್ಲಿ, ಒಂದು ಅಂಶದವರೆಗಾದರೂ, ವಯಸ್ಸೇ ನಿರ್ಣಯಿಸುತ್ತಿದ್ದಿತು. ಯಾವ ವೈದ್ಯನೂ ಹೀಗೆ ಮಾಡಬೇಕೆಂದು ಸಂಕಲ್ಪಿಸಿದ್ದಿರಲಾರನು. ಒಬ್ಬೊಬ್ಬ ರೋಗಿಯ ಮುಂದೆ ಕುಳಿತಾಗ ಪ್ರತಿಯೊಂದು ನಿರ್ಧಾರವೂ ಯುಕ್ತವಾಗಿಯೇ ತೋರಿದ್ದಿರಬಹುದು. ಸಾವಿರಾರು ನಿರ್ಧಾರಗಳನ್ನು ಒಂದೆಡೆ ಇಟ್ಟು ನೋಡಿದಾಗ ಮಾತ್ರ ಅವುಗಳ ಓಲುವೆಯು ಕಣ್ಣಿಗೆ ಬೀಳುತ್ತದೆ. ಪರಿಶೋಧನೆಯ ನಿಜವಾದ ಪ್ರಯೋಜನವು ಇದೇ.

೬

ಈ ವಿಧಾನಕ್ಕೆ ಮಿತಿಗಳೂ ಉಂಟು. ಅವುಗಳನ್ನು ಮರೆತರೆ ಪರಿಶೋಧನೆಯೇ ಅನ್ಯಾಯಕ್ಕೆ ದಾರಿಯಾಗುತ್ತದೆ.

ಮೊದಲನೆಯದು ಬರೆಯದೆ ಬಿಟ್ಟ ಸಂಗತಿಗಳು. ರೋಗದ ಅವಸ್ಥೆ, ಗಂತಿಯ ಸ್ವಭಾವ, ರೋಗಿಯ ಶಕ್ತಿ ಇವುಗಳನ್ನು ಕೆಲವು ಆಸ್ಪತ್ರೆಗಳು ಸಂಪೂರ್ಣವಾಗಿ ಬರೆದರೆ ಕೆಲವು ಅರ್ಧಕ್ಕೆ ಬಿಟ್ಟಿದ್ದುವು. ಹಾಳೆಗಳು ಲುಪ್ತವಾದ ಪ್ರತಿಯಿಂದ ಕವಿಯ ಅಭಿಪ್ರಾಯವನ್ನು ಹೇಗೆ ನಿಶ್ಚಯಿಸಲಾಗದೋ ಹಾಗೆಯೇ ಇಂಥ ದಾಖಲೆಯಿಂದ ಆಸ್ಪತ್ರೆಯ ಗುಣವನ್ನು ನಿಶ್ಚಯಿಸಲಾಗದು. ಪ್ರತಿವರ್ಷದ ವರದಿಯಲ್ಲಿಯೂ ದಾಖಲೆಯ ಪೂರ್ಣತೆಯನ್ನೇ ಒಂದು ಅಳತೆಯಾಗಿ ಪ್ರಕಟಿಸಿದುದು ಈ ಕಾರಣದಿಂದ.

ಎರಡನೆಯದು ಸಣ್ಣ ಸಂಖ್ಯೆಯ ಮೋಸ. ಒಂದು ಆಸ್ಪತ್ರೆಯಲ್ಲಿ ಹತ್ತು ಮಂದಿ ವೃದ್ಧೆಯರಲ್ಲಿ ಇಬ್ಬರಿಗೆ ಶಸ್ತ್ರಚಿಕಿತ್ಸೆಯಾಗಲಿಲ್ಲವೆಂದಿಟ್ಟುಕೊಂಡರೆ ಅದು ನೂರಕ್ಕೆ ೨೦. ಅವರಲ್ಲಿ ಒಬ್ಬಳು ಒಪ್ಪಿದ್ದಿದ್ದರೆ ೧೦. ಇನ್ನೂರು ಮಂದಿಯುಳ್ಳ ಆಸ್ಪತ್ರೆಯಲ್ಲಿ ಒಬ್ಬಳ ಒಪ್ಪಿಗೆಯಿಂದ ಆಗುವ ಬದಲಾವಣೆಯು ನೂರಕ್ಕೆ ಅರ್ಧದಷ್ಟು ಮಾತ್ರ. ಆದುದರಿಂದ ಯಾದೃಚ್ಛಿಕವಾಗಿ ಆಗಬಹುದಾದ ಏರುಪೇರಿಗೆ ಆಸ್ಪತ್ರೆಯ ಗಾತ್ರಕ್ಕೆ ತಕ್ಕ ಎಲ್ಲೆಯನ್ನು ಹಾಕಿ, ಅದನ್ನು ಮೀರಿದವುಗಳನ್ನು ಮಾತ್ರ ವಿಚಾರಣೆಗೆ ತೆಗೆದುಕೊಳ್ಳುವುದು ಸಂಖ್ಯಾಶಾಸ್ತ್ರದ ಕ್ರಮ. ಎಲ್ಲೆಯನ್ನು ಮೀರಿದುದೂ ಅಪರಾಧದ ತೀರ್ಪಲ್ಲ. ಅದು ಪ್ರಶ್ನೆಯ ಆರಂಭ.

ಮೂರನೆಯದು, ಎಲ್ಲಕ್ಕಿಂತ ಗಹನವಾದುದು, ರೋಗಿಯ ಇಚ್ಛೆ. ೮೫ ವರ್ಷದ ಸ್ತ್ರೀಯೊಬ್ಬಳು ಎಲ್ಲವನ್ನೂ ಕೇಳಿ ತಿಳಿದು 'ತನಗೆ ಶಸ್ತ್ರ ಬೇಡ' ಎಂದರೆ ಆ ಮಾತೇ ಪ್ರಮಾಣ. ಆದರೆ ದಾಖಲೆಯಲ್ಲಿ 'ಶಸ್ತ್ರಚಿಕಿತ್ಸೆ ಆಗಲಿಲ್ಲ' ಎಂದಿರುತ್ತದೆಯೇ ಹೊರತು, ಆಕೆ ಬೇಡವೆಂದಳೋ ಆಕೆಯನ್ನು ಕೇಳಲೇ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಹೊರಗಿನಿಂದ ಒಂದೇ ಆಗಿ ಕಾಣುವ ಈ ಎರಡಕ್ಕೂ ಇರುವ ಅಂತರವು ಸ್ವಾತಂತ್ರ್ಯಕ್ಕೂ ಉಪೇಕ್ಷೆಗೂ ಇರುವ ಅಂತರ. ನೂರಕ್ಕೆ ನೂರು ಶಸ್ತ್ರಚಿಕಿತ್ಸೆಯನ್ನು ಗುರಿಯಾಗಿಟ್ಟರೆ ವೈದ್ಯರು ಅಂಕೆಯನ್ನು ಮೆಚ್ಚಿಸುವುದಕ್ಕಾಗಿ ಅಶಕ್ತರ ಮೇಲೆಯೂ ಶಸ್ತ್ರವನ್ನು ಪ್ರಯೋಗಿಸುವ ಅಪಾಯವುಂಟು. ಆದಕಾರಣ ಗುರಿಯು ಹೆಚ್ಚಿನ ಸಂಖ್ಯೆಯಲ್ಲ. ಪ್ರತಿಯೊಂದು ನಿರ್ಧಾರಕ್ಕೂ ಹೇಳಿಕೊಳ್ಳ ತಕ್ಕ ಕಾರಣವಿರುವುದು.

೭

ಈ ಮೂರನೆಯ ಮಿತಿಯಿಂದಲೇ ಪರಿಶೋಧನೆಯ ಒಂದು ಸಾರ್ಥಕವಾದ ಫಲವು ಹುಟ್ಟಿತು. ೭೦ ದಾಟಿದ ಸ್ತ್ರೀಯು ಸ್ತನಚಿಕಿತ್ಸಾಲಯಕ್ಕೆ ಮೊದಲ ಸಲ ಬಂದಾಗಲೇ ತುಂಬಬೇಕಾದ ಒಂದು ಸಣ್ಣ ಪತ್ರವನ್ನು ಪರಿಶೋಧಕರು ಸಿದ್ಧಪಡಿಸಿದರು. ನಿತ್ಯದ ಕೆಲಸಗಳನ್ನು ಆಕೆ ತಾನೇ ಮಾಡಿಕೊಳ್ಳುತ್ತಾಳೆಯೇ, ನೆನಪು ಮತ್ತು ತಿಳಿವಳಿಕೆ ಹೇಗಿದೆ, ಬೇರೆ ತೀವ್ರವಾದ ಕಾಯಿಲೆಗಳುಂಟೇ ಎಂಬಿವು ಅದರಲ್ಲಿ ವಿಚಾರಿಸುವ ಸಂಗತಿಗಳು. ಪತ್ರವು ಚಿಕ್ಕದಾದರೂ ಅದರ ತತ್ತ್ವವು ದೊಡ್ಡದು. ಅಲ್ಲಿಯವರೆಗೆ ವೈದ್ಯನ ಮನಸ್ಸಿನಲ್ಲಿ ಮೌನವಾಗಿ ನಡೆಯುತ್ತಿದ್ದ ಅಂದಾಜು ಈಗ ಬರಹಕ್ಕಿಳಿಯುತ್ತದೆ; ಬರಹಕ್ಕಿಳಿದುದನ್ನು ಇತರರು ಓದಿ ಪ್ರಶ್ನಿಸಬಹುದು; ರೋಗಿಗೂ ಅದನ್ನು ವಿವರಿಸಬಹುದು. ಹುಟ್ಟಿದ ವರ್ಷವನ್ನು ನೋಡಿ ಮಾಡುತ್ತಿದ್ದ ನಿರ್ಧಾರವನ್ನು ದೇಹವನ್ನು ನೋಡಿ ಮಾಡುವಂತೆ ತಿರುಗಿಸುವುದೇ ಇದರ ಉದ್ದೇಶ.

ಆ ಪರಿಶೋಧನೆಯು ೨೦೨೨ರಲ್ಲಿ ತನ್ನ ಕೊನೆಯ ವಾರ್ಷಿಕ ವರದಿಯನ್ನು ಪ್ರಕಟಿಸಿ ಮುಗಿಯಿತು. ಅದೇ ವರ್ಷ ಅದೇ ವಿದ್ಯಾಪೀಠದಲ್ಲಿ ಹತ್ತು ಅರ್ಬುದ ಪರಿಶೋಧನೆಗಳನ್ನು ಒಟ್ಟಿಗೆ ನಡೆಯಿಸುವ ರಾಷ್ಟ್ರೀಯ ಕೇಂದ್ರವು ಏರ್ಪಟ್ಟಿತು. ಅವುಗಳಲ್ಲಿ ಎರಡು ಸ್ತನಾರ್ಬುದಕ್ಕೇ ಮೀಸಲು: ಒಂದು ಮೊದಲ ಸ್ಥಾನದಲ್ಲಿರುವ ರೋಗಕ್ಕೆ, ಇನ್ನೊಂದು ದೇಹದ ಇತರ ಭಾಗಗಳಿಗೆ ಹರಡಿದ ರೋಗಕ್ಕೆ. ಇವು ವೃದ್ಧರನ್ನು ಮಾತ್ರವಲ್ಲದೆ ಎಲ್ಲ ವಯಸ್ಸಿನವರನ್ನೂ ಒಳಗೊಳ್ಳುತ್ತವೆ.

ಕನ್ನಡನಾಡಿಗೂ ಈ ವಿಚಾರಕ್ಕೂ ಸಂಬಂಧವಿಲ್ಲದೆ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೧೯೮೧ರಲ್ಲಿ ರಾಷ್ಟ್ರೀಯ ಅರ್ಬುದ ನೋಂದಣಿಯ ಯೋಜನೆಯನ್ನು ಆರಂಭಿಸಿದಾಗ ಜನಸಂಖ್ಯೆಯ ಆಧಾರದ ಮೇಲೆ ಎಣಿಕೆ ನಡೆದ ಮೊದಲ ನಗರಗಳಲ್ಲಿ ಬೆಂಗಳೂರೂ ಒಂದು. ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯು ೧೯೮೨ರಿಂದ ಆ ಎಣಿಕೆಯನ್ನು ನಡೆಯಿಸಿಕೊಂಡು ಬಂದಿದೆ. ಬೆಂಗಳೂರಿನ ಸ್ತ್ರೀಯರಲ್ಲಿ ಇತರ ಅರ್ಬುದಗಳಿಗಿಂತ ಸ್ತನಾರ್ಬುದವೇ ಹೆಚ್ಚೆಂಬುದು ಗೊತ್ತಾದುದು ಇಂಥ ಎಣಿಕೆಯಿಂದಲೇ. ಅದೇ ಯೋಜನೆಯಲ್ಲಿ ಕೆಲವು ಆಸ್ಪತ್ರೆಗಳ ರೋಗಿಗಳಿಗೆ ಎಂಥ ಚಿಕಿತ್ಸೆ ದೊರೆಯಿತು, ಅವರು ಎಷ್ಟು ಕಾಲ ಬದುಕಿದರು ಎಂಬ ಅಧ್ಯಯನವೂ ನಡೆದಿದೆ. ಇದು ನೋಂದಣಿಯಿಂದ ಪರಿಶೋಧನೆಯ ಕಡೆಗೆ ಇಟ್ಟ ಹೆಜ್ಜೆಯೆಂದು ಹೇಳಬಹುದು. ಭಾರತದಲ್ಲಿ ಈ ರೋಗವು ಪಾಶ್ಚಾತ್ಯ ದೇಶಗಳಿಗಿಂತ ಕಿರಿಯ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುವುದು ಹೆಚ್ಚಾದುದರಿಂದ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯು ೭೦ ದಾಟಿದವರದೇ ಆಗಬೇಕೆಂದಿಲ್ಲ. ಊರಿನ ದೂರವೋ, ಕೈಯಲ್ಲಿಯ ಹಣವೋ, ಮನೆಯವರ ಮಾತೋ ರೋಗದ ಸ್ವರೂಪಕ್ಕಿಂತ ಮೊದಲು ಚಿಕಿತ್ಸೆಯನ್ನು ನಿರ್ಣಯಿಸುತ್ತಿದೆಯೇ ಎಂದು ಕೇಳಬೇಕಾಗಬಹುದು. ಪ್ರಶ್ನೆಯು ಬೇರೆಯಾದರೂ ಕೇಳುವ ಕ್ರಮವು ಒಂದೇ.

ಫ್ಯಾನಿ ಬರ್ನಿಗೆ ಬರೆಯುವ ಶಕ್ತಿಯಿದ್ದುದರಿಂದ ಆಕೆಯ ಅನುಭವವು ಇಂದಿಗೂ ಉಳಿದಿದೆ. ಬರೆಯಲಾರದ, ಬರೆಯುವಷ್ಟು ಕಾಲ ಉಳಿಯದ ಅಸಂಖ್ಯ ಸ್ತ್ರೀಯರ ಪಕ್ಷದಲ್ಲಿ ದಾಖಲೆಯೇ ಮಾತನಾಡಬೇಕು. ಆ ದಾಖಲೆಯನ್ನು ಪೂರ್ಣವಾಗಿ ಬರೆಯುವುದು ಆಸ್ಪತ್ರೆಯ ಧರ್ಮ. ಅದನ್ನು ನ್ಯಾಯವಾಗಿ ಹೋಲಿಸುವುದು ಪರಿಶೋಧಕನ ಧರ್ಮ. ಹೋಲಿಸಿದಾಗ ಕಂಡ ಕೊರತೆಗೆ ಕಾರಣವನ್ನು ಹೇಳಿ ತಿದ್ದಿಕೊಳ್ಳುವುದು ವೈದ್ಯನ ಧರ್ಮ. ವಯಸ್ಸಾದವಳೆಂಬ ಒಂದೇ ಕಾರಣದಿಂದ ಯಾರಿಗೂ ಕಡಮೆಯಾದುದನ್ನು ಕೊಡಬಾರದೆಂಬ ನಿಯಮವು ೨೦೦೯ರಲ್ಲಿಯೇ ಬರಹದಲ್ಲಿದ್ದರೂ, ಅದು ನಡೆಯುತ್ತಿಲ್ಲವೆಂಬುದು ಎಣಿಸಿ ನೋಡಿದ ಮೇಲೆಯೇ ಬೆಳಕಿಗೆ ಬಂದಿತು. ನಿಯಮವನ್ನು ಬರೆಯುವುದರೊಡನೆ ಕಾರ್ಯವು ಮುಗಿಯುವುದಿಲ್ಲ, ಅದು ನಡೆಯಿತೇ ಎಂದು ಕುಳಿತು ಕೇಳುವವರು ಬೇಕು ಎಂಬುದೇ ಈ ವೃತ್ತಾಂತದ ಸಾರ.